ಬೆರಳಗಲ ಬಾಕಿಯಿದ್ದ ಕೋರೆ

ನಮ್ಮ ಅಂಬಾಯ್ ದ್ವೀಪದ ಬೆಂಕಿಬೆಟ್ಟ ಬಾಯಿಬಿಟ್ಟ ದಿನ ನಮ್ಮೂರಿಗೆ ಸದ್ದೇ ಕೇಳಲಿಲ್ಲ. ನಡುಮಧ್ಯಾಹ್ನ ಕೋಳಿಗಳು ಮರವೇರಿ ಕೂತವು. ಏನಾಯಿತು ಇವಕ್ಕೆ ಎಂದು ಹೊರಗೆ ಬಂದು ನೋಡಿದರೆ, ಬೂದಿ. ಹಿಟ್ಟು ಜರಡಿ ಹಿಡಿದ ಹಾಗೆ ಸಣ್ಣಗೆ, ಸಮಾಧಾನವಾಗಿ ಉದುರುತ್ತಿತ್ತು. ಹಿತ್ತಲ ಕೆಸುವಿನೆಲೆಗಳು ಒಂದೊಂದಾಗಿ ತಲೆ ಬಾಗಿಸಿದವು. ಸಮುದ್ರ ಯಾವುದು, ಆಕಾಶ ಯಾವುದು ತಿಳಿಯಲಿಲ್ಲ. ನಾನು ನಿದ್ದೆಯೊಳಗೇ ಎದ್ದು ಓಡಾಡುತ್ತಿದ್ದೇನೆ ಅನಿಸಿತು.

ನನ್ನ ಗಂಡ ತಾಬಿಗೆ ಮಾತ್ರ ಒಂದೇ ಚಿಂತೆ, ಹಂದಿ.

"ಎಸ್ಲಿನ್, ಅದಕ್ಕೆ ಗೋಣಿ ಹೊದಿಸಿದೆಯೇನೇ?"

"ತಲೆ ಮೇಲೆ ಬೆಟ್ಟ ಬೀಳ್ತಿದೆ ಮಾರಾಯಾ, ನಂಗೇನು ಹೊದಿಸ್ತೀಯಾ ಹೇಳು!"

ಆ ಹಂದಿ ನನಗೆ ಸವತಿ. ಗಂಡು ಹಂದಿಯಾದರೇನು, ಸವತಿ ಸವತಿಯೇ. ಕೆಳಗಿನ ಕೋರೆ ತಡೆಯಿಲ್ಲದೆ ಬಾಗಿ ಬಳೆಯಾಗಲಿ ಎಂದು ಮರಿಯಿದ್ದಾಗಲೇ ಮೇಲಿನ ಹಲ್ಲು ಕಿತ್ತಿದ್ದರು. ಅಂಥ ಹಂದಿ ನೆಲ ಅಗೆದು ತಿನ್ನಲಾರದು. ಏಳು ವರ್ಷ ಕೆಸುವಿನ ಗಡ್ಡೆ ಬೇಯಿಸಿ, ಅಗಿದು ಅಗಿದು ಅದರ ಬಾಯಿಗಿಟ್ಟವಳು ನಾನು. ಬೈಯುತ್ತಲೇ ಇಟ್ಟೆ. ಕೋರೆ ಪೂರ್ತಿ ಬಳೆಯಾದ ಹಂದಿಯನ್ನು ಊರೆದುರು ಕೊಂದವನಿಗೆ ನಮ್ಮಲ್ಲಿ ದೊಡ್ಡ ಹೆಸರು, ಅಂದರೆ ಹಿರಿಯನೆಂಬ ಪದವಿಯ ಹೊಸ ಹೆಸರು, ಸಿಗುತ್ತದೆ. ಹೆಂಗಸರಿಗೂ, ಅವರ ಪರವಾಗಿ ಹಂದಿ ಕೊಂದರೆ, ಅದಕ್ಕಿಂತ ಸಣ್ಣದೊಂದು ಹೆಸರುಂಟು. ತಾಬಿಯ ಅಪ್ಪ ಆ ಹೆಸರಿಲ್ಲದೆ ಸತ್ತ. ಇವನಿಗೂ ಕೂದಲು ನೆರೆತಿತ್ತು. ಇನ್ನೊಂದು ಹಂದಿ ಸಾಕುವಷ್ಟು ಆಯುಸ್ಸು ಇರಲಿಲ್ಲ. ಬಳೆ ಕೂಡಲು ಬೆರಳಗಲ ಬಾಕಿಯಿತ್ತು.

ಬೂದಿ ನಿಲ್ಲಲಿಲ್ಲ. ತೊರೆ ಗಂಜಿಯಂತಾಯಿತು, ತೋಟ ಕೊಳೆಯಿತು. ನಮ್ಮನ್ನೆಲ್ಲ ಪಕ್ಕದ ದ್ವೀಪಕ್ಕೆ ಸಾಗಿಸಲು ಹಡಗು ಬಂತು. ದಡದಲ್ಲಿದ್ದ ಪೊಲೀಸಿನವನು "ಮನುಷ್ಯರು ಮಾತ್ರ" ಎಂದ.

"ಹಾಗಾದ್ರೆ ನಾನು ಬರಲ್ಲ," ಎಂದು ತಾಬಿ ಹಂದಿಯ ಹಗ್ಗ ಹಿಡಿದು ಮರಳಲ್ಲಿ ಕೂತುಬಿಟ್ಟ.

"ತಲೆಗಿಲೆ ಕೆಟ್ಟಿದೆಯೇನೋ ನಿಂಗೆ? ಹಂದಿ ಜೊತೆ ಸಾಯ್ತೀಯಾ?"

"ನೀನು ಹೋಗೇ. ಬಿಟ್ಟುಹೋದ್ರೆ ಅದಕ್ಕೆ ಅಗಿದು ಕೊಡೋರು ಯಾರು?"

"ಅಗಿಯೋಕೆ ನಿನ್ನ ಬಾಯಲ್ಲಿ ಹಲ್ಲೆಲ್ಲಿದೆ!"

ಸಾಲಿನಲ್ಲಿ ನಿಂತವರು ನಕ್ಕರು. ನಾನೂ ಅವನ ಪಕ್ಕ ಕೂತೆ. ಸಿಟ್ಟಿಗೆ ಅಳು ಬರುತ್ತಿತ್ತು.

ಊರಿಗೆ ಊರೇ ದಡದಲ್ಲಿತ್ತು. ಎಲ್ಲರ ಕೂದಲು, ರೆಪ್ಪೆ ಎಲ್ಲ ಬೂದಿ. ಮುದುಕರು ಯಾರು, ಮಕ್ಕಳು ಯಾರು ಗೊತ್ತಾಗುತ್ತಿರಲಿಲ್ಲ. ನಮ್ಮಲ್ಲಿ ಸತ್ತವರು ಬೆಟ್ಟದ ಮೇಲಿನ ಕೆರೆಯಲ್ಲಿರುತ್ತಾರೆ. ಕೆರೆ ಕುದಿದು, ಇರಲಾರದೆ, ಅವರೂ ಇಳಿದು ಬಂದು ಸಾಲಿನಲ್ಲಿ ಸೇರಿಕೊಂಡರೇನೋ. ಆ ಮಬ್ಬಿನಲ್ಲಿ ನಮ್ಮವ್ವನನ್ನು ಕಂಡೆ, ಆಣೆಮಾಡಿ ಹೇಳುತ್ತೇನೆ, ಕಂಡೆ. ಚಾಪೆ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಕೂಗಬೇಕು ಅನ್ನುವಷ್ಟರಲ್ಲಿ ಬೇರೆ ಯಾರೋ ಆಗಿಬಿಟ್ಟಳು.

ತಾಬಿಯೂ ಆ ಸಾಲನ್ನೇ ನೋಡುತ್ತಿದ್ದ. ಮೆಲ್ಲಗೆ ಎದ್ದು ಗರಾಯಜ್ಜನ ಮುಂದೆ ನಿಂತ. ಹೆಸರು ಕೊಡುವ ಅಧಿಕಾರ ಆ ಅಜ್ಜನದು.

"ಅಜ್ಜ, ಊರೆಲ್ಲ ಇಲ್ಲೇ ಇದೆ. ಇಲ್ಲೇ ಕೊಲ್ತೀನಿ."

ಅಜ್ಜ ಕೋರೆಯ ಸಂದಿಗೆ ಬೆರಳಿಟ್ಟು ನೋಡಿದ. "ಕೂಡಿಲ್ಲ ಮಗಾ. ದೊಡ್ಡ ಹೆಸರು ಕೊಡಕ್ಕಾಗಲ್ಲ."

"ಹೆಂಗಸರ ಹೆಸರಿಗೆ?"

"ಅದಕ್ಕೆ ಇಷ್ಟು ಸಾಕು."

"ಹಾಗಾದ್ರೆ ಇವಳಿಗೆ ಕೊಡಿ. ಅಗಿದೋಳು ಇವಳು."

ಬೇಡ ಎಂದು ಹಗ್ಗಕ್ಕೆ ಕೈ ಹಾಕಿದೆ. ಹಂದಿ ನನ್ನ ಅಂಗೈ ಮೂಸಿತು. ತಾಬಿ ದಡದಲ್ಲಿ ಬಿದ್ದಿದ್ದ ದೊಣ್ಣೆಯೆತ್ತಿ ಒಂದೇ ಏಟಿಗೆ ಮುಗಿಸಿದ. ಅಯ್ಯೋ, ಇಷ್ಟು ವರ್ಷ ಅದನ್ನು ಬೈದವಳು ನಾನೇ.

ಅಜ್ಜ ಮುಖವೆತ್ತಿ ನನ್ನ ಹೊಸ ಹೆಸರನ್ನು ಕೂಗಿದ. ದಡವಿಡೀ ಅದನ್ನೇ ಕೂಗಿತು. ಕೂಗಿದವರ ತಲೆಗಳಿಂದ ಬೂದಿ ಮೆಲ್ಲನೆ ಎದ್ದು ಗಾಳಿಯಲ್ಲಿ ನಿಂತಿತು. ಓಗೊಟ್ಟರೆ ಹೆಸರು ನನ್ನದು; ತಾಬಿಗೆ ಇನ್ನು ಈ ಜನ್ಮದಲ್ಲಿ ಹೆಸರಿಲ್ಲ. ತುಟಿ ಕಚ್ಚಿ ನಿಂತೆ. ಅವರು ಮತ್ತೆ ಕೂಗಿದರು.

"ಓ ಅನ್ನೇ ಮಾರಾಯ್ತಿ," ಎಂದ ತಾಬಿ. "ಹಡಗು ಹೊರಡ್ತದೆ."

"ಓ," ಎಂದೆ.

ದೊಣ್ಣೆಯನ್ನು ಮರಳಲ್ಲೇ ಬಿಟ್ಟು, ನನ್ನ ಗಂಟುಮೂಟೆ ತಲೆಗೇರಿಸಿಕೊಂಡು, ಅವನು ನನಗೆ ದಾರಿ ಬಿಟ್ಟು ಸರಿದು ನಿಂತ.

"ನಡೀರಿ," ಎಂದ, "ಹೆಸರಿದ್ದೋರು ಮುಂದೆ."