ಬಾಣದ ಗುರುತಿನ ತಂತಿ

ಜಯಲಕ್ಷ್ಮಿಪುರಂನ ಬಾಡಿಗೆ ಮನೆಗೆ ಭಾನುವಾರ ಬೆಳಿಗ್ಗೆ ಯಾರೇ ಬರಲಿ, ಕಾಫಿ ಬರುವುದಕ್ಕೆ ಮುಂಚೆ ಮೃತ್ಯುಂಜಯ ತಂತಿಯ ಕತೆ ಶುರುಮಾಡುತ್ತಿದ್ದ. ಸಿಂಗಪುರದಿಂದ ಭಾವಮೈದುನ ತಂದುಕೊಟ್ಟಿದ್ದ ತಂತಿ ಅದು. ಕಿರುಬೆರಳಿನ ದಪ್ಪ, ಕೆಂಪು ಹೊದಿಕೆ, ಮೈಯುದ್ದಕ್ಕೂ ಸಣ್ಣ ಬಿಳಿ ಬಾಣಗಳು. ಸಿ.ಡಿ. ಪ್ಲೇಯರಿನಿಂದ ಆಂಪ್ಲಿಫೈಯರಿನ ಕಡೆಗೆ ಬಾಣ ಮುಖ ಮಾಡಿರಬೇಕು, ಉಲ್ಟಾ ಹಾಕಿದರೆ ವೀಣೆಯ ನಾದ ತಗಡು ಬಡಿದ ಹಾಗಾಗುತ್ತದೆ ಎಂದು ಅವನು ನಂಬಿದ್ದ.

ನಂಬದವರಿಗೆ ತೋರಿಸಲು ಅವನ ಬಳಿ ಒಂದೇ ಸಾಕ್ಷಿ ಇತ್ತು, ಹೆಂಡತಿ ಪ್ರೇಮಲೀಲಾ.

"ನನ್ನ ಮಾತು ಬಿಡಿ. ಲೀಲಾ ಅಡಿಗೆಮನೇಲಿದ್ದಾಳೆ. ತಂತಿ ಯಾವ ಕಡೆಗಿದೆ ಅಂತ ಕಣ್ಣಲ್ಲಿ ನೋಡಲ್ಲ. ಅಲ್ಲಿಂದಲೇ ಹೇಳ್ತಾಳೆ, ಕೇಳಿ."

ಅವನು ಬಗ್ಗಿ ತಂತಿ ತಿರುಗಿಸುತ್ತಿದ್ದ. ವೀಣೆಯ ಸಿ.ಡಿ. ಹಚ್ಚಿ, ತನ್ನ ಬೆತ್ತದ ಕುರ್ಚಿಗೆ ಬಂದು ಕೂತು, "ಲೀಲಾ, ಈಗ ಹೇಗಿದೆ?" ಎಂದು ಕೂಗುತ್ತಿದ್ದ.

"ಯಾಕೋ ಸಪ್ಪೆ ಕಣ್ರೀ."

ಮತ್ತೆ ಎದ್ದು ಸರಿಮಾಡಿ ಬಂದು ಕೂರುತ್ತಿದ್ದ. "ಈಗ?"

"ಹಾಂ, ಈಗ ಚೆನ್ನಾಗಿದೆ."

ಒಗ್ಗರಣೆಯ ಚಟಪಟದ ನಡುವೆಯೂ ಅವಳ ಮಾತು ತಪ್ಪುತ್ತಿರಲಿಲ್ಲ. ಬಂದವರು ಬೆರಗಾಗುತ್ತಿದ್ದರು. ಅವಳು ಚೆನ್ನಾಗಿದೆ ಎಂದ ಮರುಕ್ಷಣ ಮೃತ್ಯುಂಜಯನಿಗೂ ವೀಣೆ ತಿಳಿನೀರಿನ ಹಾಗೆ ಕೇಳಿಸುತ್ತಿತ್ತು. ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದಲ್ಲಿ ವಾರವೆಲ್ಲ ಅಂಕಪಟ್ಟಿಗಳ ನಡುವೆ ತಲೆ ತಗ್ಗಿಸಿ ಕೂರುವವನಿಗೆ ಆ ಒಂದು ಗಳಿಗೆ ಸಾಕಾಗಿತ್ತು.

ತೊಂಬತ್ತೇಳರ ದಸರಾ ರಜೆಯಲ್ಲಿ ಮಹೇಂದ್ರ ಬಂದ. ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಹಳೆಯ ಗೆಳೆಯ. ಜೊತೆಗೆ ಇನ್ನಿಬ್ಬರಿದ್ದರು. ತಂತಿಯನ್ನು ಕೈಯಲ್ಲಿ ತೂಗಿ ನೋಡಿ ನಕ್ಕ.

"ತಂತಿಯೊಳಗೆ ಹಾಡು ನಲ್ಲಿ ನೀರಿನ ಥರ ಒಂದೇ ಕಡೆ ಹರಿಯಲ್ಲ ಕಣೋ. ಹೋಗುತ್ತೆ, ಬರುತ್ತೆ, ಹೋಗುತ್ತೆ, ಬರುತ್ತೆ. ಉಯ್ಯಾಲೆಗೆ ಯಾವ ದಿಕ್ಕೋ ಮಾರಾಯ?"

"ಲೀಲಾಗೆ ಕೇಳಿಸುತ್ತಲ್ಲ?"

"ಅದನ್ನೂ ನೋಡೇಬುಡಾಣ. ಇವತ್ತು ತಂತಿ ಹಾಕೋನು ನಾನು. ನೀನು ಆಚೆ ನಡಿ. ಸನ್ನೆ ಗಿನ್ನೆ ಮಾಡೀಯ."

ಮೃತ್ಯುಂಜಯ ನಗುತ್ತಲೇ ಹೊರಗೆ ಹೋದ. ಪ್ರಶ್ನೆಪತ್ರಿಕೆ ಮೊದಲೇ ಗೊತ್ತಿರುವ ಹುಡುಗನ ಹಾಗೆ ಸೀಬೆಮರದ ಕೆಳಗೆ ಸಂಪಿನ ಮುಚ್ಚಳದ ಮೇಲೆ ಕಾಲು ಚಾಚಿ ಕೂತ. ಒಳಗೆ ವೀಣೆ ಶುರುವಾಯಿತು.

"ಅತ್ತಿಗೆ, ಈಗ ಹೇಗಿದೆ?"

ಅಡಿಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. "ಏನಂದ್ರಿ?" ಎಂದಳು. "ಪರವಾಗಿಲ್ಲ. ಸ್ವಲ್ಪ ಸಪ್ಪೆ ಅನ್ಸುತ್ತೆ."

ವೀಣೆ ನಿಂತು ಮತ್ತೆ ಶುರುವಾಯಿತು. "ಈಗ?"

"ಈಗ ಚೆನ್ನಾಗಿದೆ."

ಮತ್ತೆ ನಿಂತಿತು, ಮತ್ತೆ ಶುರುವಾಯಿತು. "ಈಗ?"

"ಮತ್ತೆ ಸಪ್ಪೆ ಆಯ್ತು... ಅಲ್ವಾ?"

ಆ 'ಅಲ್ವಾ' ಕೇಳಿದಾಗಲೇ ಮೃತ್ಯುಂಜಯನಿಗೆ ಎಲ್ಲೋ ಜಾರಿದ ಹಾಗಾಯಿತು. ಒಳಗಿಂದ ಮಹೇಂದ್ರನ ನಗು ಕಾಂಪೌಂಡು ದಾಟಿತು.

"ಬಾರೋ ಒಳಗೆ! ತಂತಿ ಮುಟ್ಟೇ ಇಲ್ಲ ಕಣೋ ನಾನು. ಬರೀ ನಿಲ್ಲಿಸಿ ನಿಲ್ಲಿಸಿ ಹಾಕ್ದೆ. ಅತ್ತಿಗೆ, ನಿಮಗೆ ಸಂಗೀತದಲ್ಲಿ ಸೊನ್ನೆ, ಕಾಫೀಲಿ ನೂರಕ್ಕೆ ನೂರು!"

ಎಲ್ಲರೂ ನಕ್ಕರು. ಬಾಗಿಲ ಬಳಿ ನಿಂತಿದ್ದ ಪ್ರೇಮಲೀಲಾ ಕೂಡ ಸೆರಗಿನ ತುದಿ ಹಿಡಿದು ನಕ್ಕಳು. ಅವನನ್ನು ಹೆಚ್ಚು ಚುಚ್ಚಿದ್ದು ಅವಳ ನಗುವೇ.

ಅವರೆಲ್ಲ ಹೋದ ಮೇಲೆ ಕೇಳಿದ. "ಇಷ್ಟು ದಿನ ಅದು ಹೇಗೆ ಸರಿಯಾಗಿ ಹೇಳ್ತಿದ್ದೆ?"

ಲೋಟಗಳನ್ನು ಜೋಡಿಸುತ್ತ ಅವಳು, "ಕುರ್ಚಿ" ಎಂದಳು.

"ಯಾವ ಕುರ್ಚಿ?"

"ನೀವು ಕೂರೋ ಬೆತ್ತದ್ದು. ತಂತಿ ಸರಿಯಾಗಿದೆ ಅಂತ ನಿಮಗನ್ಸಿದ್ರೆ ಹಿಂದಕ್ಕೆ ಒರಗ್ತೀರ, ಕಿರ್ರ್ ಅನ್ನುತ್ತೆ. ಉಲ್ಟಾ ಹಾಕಿದಾಗ ತುದೀಲಿ ಕೂತಿರ್ತೀರ, ಸದ್ದೇ ಇಲ್ಲ. ಸಾಸಿವೆ ಸಿಡೀತಿದ್ರೂ ಅದು ನನಗೆ ಕೇಳಿಸುತ್ತೆ ಕಣ್ರೀ." ಆ ಮಾತಿನಲ್ಲಿ ಚೂರು ಹೆಮ್ಮೆಯೂ ಇತ್ತು. "ಇವತ್ತು ನೀವು ಆಚೆ ಹೋಗ್ಬುಟ್ರಿ. ನನಗೇನು ಗೊತ್ತಾಗುತ್ತೆ?"

ಆಗ ನಕ್ಕುಬಿಡಬಹುದಿತ್ತು. ಅವಳ ಕಿವಿಯ ಮುಂದೆ ಸಿಂಗಪುರದ ತಂತಿ ಏನು ಮಹಾ ಎಂದು ಆ ಕ್ಷಣವೇ ತಿಳಿಯಬಹುದಿತ್ತು. ಆದರೆ ಅವನ ತಲೆಯಲ್ಲಿ ಮಹೇಂದ್ರನ ನಗುವೇ ತುಂಬಿತ್ತು.

"ಅಂದ್ರೆ ಇಷ್ಟು ವರ್ಷ ನನ್ನ ಆಟ ಆಡಿಸ್ತಿದ್ದೆ."

"ನೀವು ಖುಷಿಯಾಗ್ತಿದ್ರಲ್ಲಾ ಅಂತ..."

"ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನಬೇಕು. ಬಾಯಿಗೆ ಬಂದದ್ದು ಹೇಳಬಾರದು."

ಅವಳು ಒಂದು ಗಳಿಗೆ ಅವನ ಮುಖ ನೋಡಿ, "ಆಯ್ತು" ಎಂದು ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದಳು.

ಪ್ರೇಮಲೀಲಾ ಆಡಿದ ಮಾತಿಗೆ ತಪ್ಪುವವಳಲ್ಲ. ಜಗಳವಾಡಲಿಲ್ಲ, ಮುಖ ಊದಿಸಲಿಲ್ಲ. ಹೊಸ ಅಂಗಿ ಹಾಕಿಕೊಂಡು "ಒಪ್ಪುತ್ತಾ?" ಎಂದರೆ "ಗೊತ್ತಾಗಲ್ಲ ಕಣ್ರೀ" ಎಂದಳು. ದಟ್ಟಗಳ್ಳಿಯಲ್ಲಿ ಸೈಟು ತೋರಿಸಲು ಕರೆದುಕೊಂಡು ಹೋದಾಗ, "ನಿಮಗೆ ಸರಿ ಅನ್ಸಿದ್ರೆ ಸರಿ" ಎಂದಳು. ಮೊದಮೊದಲು ಅವನು ಅದನ್ನು ಹೊಂದಾಣಿಕೆ ಎಂದುಕೊಂಡ. ಭಾನುವಾರಗಳಲ್ಲಿ ವೀಣೆ ಹಾಕಿ ಕೂತಾಗ ಒಳಗಿನಿಂದ ಪಾತ್ರೆಯ ಸದ್ದು, ನೀರಿನ ಸದ್ದು ಮಾತ್ರ ಬರುತ್ತಿತ್ತು. ಆಮೇಲೆ ಒಂದು ದಿನ ತಂತಿಯನ್ನು ತಿರುಗಿಸಿ ಹಾಕಿ, ಕಣ್ಣು ಮುಚ್ಚಿ ಕೇಳಿದ. ಮತ್ತೆ ಸರಿಮಾಡಿ ಕೇಳಿದ. ಏನೂ ವ್ಯತ್ಯಾಸ ತಿಳಿಯಲಿಲ್ಲ. ಅಷ್ಟು ವರ್ಷ ತನಗೆ ಕೇಳಿಸುತ್ತಿದ್ದದ್ದಾದರೂ ಏನು ಎಂದು ಯೋಚಿಸಿದವನು ಬಟನ್ ಒತ್ತಿ ವೀಣೆ ನಿಲ್ಲಿಸಿಬಿಟ್ಟ.

ಎರಡು ಸಾವಿರದ ನಾಲ್ಕರಲ್ಲಿ ದಟ್ಟಗಳ್ಳಿಯ ಸ್ವಂತ ಮನೆಗೆ ಬಂದರು. ಹಾಲು ಉಕ್ಕಿಸಿದ ವಾರಕ್ಕೆ ಮೃತ್ಯುಂಜಯ ಪೆಟ್ಟಿಗೆ ಬಿಚ್ಚಿ ಹಾಡಿನ ಸೆಟ್ಟು ಜೋಡಿಸಿದ. ಮುಂದೆ ಆ ಹಳೆಯ ಬೆತ್ತದ ಕುರ್ಚಿಯನ್ನೇ ಹಾಕಿಕೊಂಡ. ಕೆಂಪು ತಂತಿಯನ್ನು ಕೈಗೆ ಬಂದ ಹಾಗೆ ಸಿಕ್ಕಿಸಿದ, ಬಾಣದ ಕಡೆ ನೋಡಲೂ ಇಲ್ಲ. ವೀಣೆ ಹೊಸ ಗೋಡೆಗಳಿಗೆ ತಾಗಿ ತುಸು ಗುಂಯ್ ಎನ್ನುತ್ತಿತ್ತು. ಅಡಿಗೆಮನೆಯಲ್ಲಿ ಅವಳು ಸೊಪ್ಪು ಬಿಡಿಸುತ್ತಿದ್ದಳು.

ಅವನು ಕುರ್ಚಿಯಲ್ಲಿ ಕೂತು, ಬೇಕೆಂದೇ ಮೈಭಾರವನ್ನೆಲ್ಲ ಬಿಟ್ಟು ಹಿಂದಕ್ಕೆ ಒರಗಿದ. ಕುರ್ಚಿ ಕಿರ್ರ್ ಎಂದಿತು. ಸಾಲದೆಂದು ಇನ್ನೊಮ್ಮೆ ಒರಗಿದ.

"ಲೀಲಾ," ಕೂಗಿದ. ದನಿ ತನ್ನದಲ್ಲವೆನ್ನಿಸಿತು. "ಈಗ ಹೇಗಿದೆ?"

ಸೊಪ್ಪು ಬಿಡಿಸುವ ಸದ್ದು ನಿಂತಿತು. ಮೊದಲಿನ ಹಾಗೆ 'ಚೆನ್ನಾಗಿದೆ' ಎನ್ನುತ್ತಾಳೆಂದು ಅವನು ಕಾದ. ಅವಳು ಕೈ ಒರಸಿಕೊಳ್ಳುತ್ತ ಹೊರಗೆ ಬಂದಳು. ಅವನ ಕಡೆಯಾಗಲಿ ಕುರ್ಚಿಯ ಕಡೆಯಾಗಲಿ ನೋಡದೆ ನೇರವಾಗಿ ಸೆಟ್ಟಿನ ಹಿಂದೆ ಹೋಗಿ, ಮಂಡಿಯೂರಿ, ಕನ್ನಡಕ ಏರಿಸಿಕೊಂಡು ತಂತಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಬಾಣ ಉಲ್ಟಾ ಇದೆ ನೋಡಿ," ಎಂದಳು. ದನಿಯಲ್ಲಿ ಕೊಂಕಿರಲಿಲ್ಲ. ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ಮೃತ್ಯುಂಜಯ ಎದ್ದು ತಂತಿಯನ್ನು ತಿರುಗಿಸಿ ಹಾಕಿದ. ವೀಣೆ ಮೊದಲಿನ ಹಾಗೇ ನುಡಿಯಿತು. ಅವನು ಕುರ್ಚಿಯ ತುದಿಯಲ್ಲಿ ಸದ್ದಾಗದಂತೆ ಕೂತ.