ಕಂಬಿಯ ಮೇಲೆ ಬೀಗರು

ಆ ದಿನ ಟ್ರಾಮಿನಲ್ಲಿ ನಾನೂ ಕೂತಿದ್ದೆ. ಇಂದಿಗೂ ನೆನೆದರೆ ಮೈ ಉರಿಯುತ್ತದೆ.

ಬ್ರಹ್ಮಪುರದಿಂದ ಊರಿನ ನಡುವೆ ಹಾದು ರೈಲ್ವೆ ಸ್ಟೇಶನ್ನಿನವರೆಗೆ ಕಂಬಿ ಹಾಕಿಸಿ, ಕುದುರೆ ಎಳೆಯುವ ಟ್ರಾಮು ಓಡಿಸಿದವರು ನಮ್ಮ ಓಣಿಯ ನೀಲಕಂಠ ಸಾವಕಾರರು. ಅದಕ್ಕಾಗಿ ಚೆನ್ನಾಗಿ ನಡೆಯುತ್ತಿದ್ದ ಬಟ್ಟೆ ಅಂಗಡಿ ಮುಚ್ಚಿದ್ದರು. ನಿಜಾಮ ಸರಕಾರದ ಪಕ್ಕಾ ಪರವಾನಗಿ ಮಾತ್ರ ಸಿಕ್ಕಿರಲಿಲ್ಲ. ಹೈದರಾಬಾದಿನಿಂದ ಬಂದ ಸಾಹೇಬರು ಹೇಳಿದ್ದು ಒಂದೇ ಮಾತು: ಸಂಜೆಯ ರೈಲು ಹೊರಡುವ ಮೊದಲು ಈ ಟ್ರಾಮು ತಮ್ಮನ್ನು ಸ್ಟೇಶನ್ನಿಗೆ ಮುಟ್ಟಿಸಿದರೆ ಪರವಾನಗಿ, ಇಲ್ಲವಾದರೆ ಕಂಬಿ ಕೀಳಬೇಕು.

ಕುದುರೆಗಳು ಹುರುಪಿನಿಂದಲೇ ಹೊರಟವು. ಪೇಟೆಯ ತಿರುವು ದಾಟಿದ್ದೇ ತಡ, ಮುಂದೆ ಕಮಲಾಪುರದ ಕೆಂಪು ಬಾಳೆಗೊನೆ ಹೇರಿದ ಎತ್ತಿನ ಗಾಡಿಗಳ ಸಾಲು. ಈ ಗಾಡಿಯವರಿಗೆ ಕಂಬಿಯ ರುಚಿ ಹತ್ತಿತ್ತು. ಅಳತೆ ಕೊಟ್ಟು ಮಾಡಿಸಿದ ಹಾಗೆ ಅವರ ಗಾಲಿಗಳು ಕಂಬಿಗೆ ಕೂಡುತ್ತಿದ್ದವು, ಕೆಸರಿಲ್ಲ, ಕುಲುಕಾಟವಿಲ್ಲ. ದಿನಾ ಟ್ರಾಮು ಹೊಡೆಯುವ ಚಾಂದಪಾಶಾ ಗಂಟೆ ಬಾರಿಸಿ, ನಾಲ್ಕು ಬೈದು, ಅವರನ್ನು ಪಕ್ಕಕ್ಕೆ ಸರಿಸುತ್ತಿದ್ದ.

ಅಂದೂ ಗಂಟೆಗೆ ಕೈ ಹಾಕಿದ. ಸಾವಕಾರರು ಆ ಕೈಯನ್ನೇ ಹಿಡಿದುಬಿಟ್ಟರು.

"ಬ್ಯಾಡೋ! ಮೊದಲನೇ ಗಾಡ್ಯಾಗ ನಮ್ಮ ಬೀಗರು ಮರೆಪ್ಪನೋರು ಕುಂತಾರ."

ಸಾವಕಾರರ ಮಗಳು ಶಂಕ್ರಮ್ಮನನ್ನು ಕೊಟ್ಟದ್ದು ಕಮಲಾಪುರದ ಆ ಮನೆಗೇ. ಚೊಚ್ಚಲ ಬಸುರಿ ಸೊಸೆಯನ್ನು ತವರಿಗೆ ಬಿಡಲು ಮರೆಪ್ಪನವರು ಖುದ್ದು ಹೊರಟಿದ್ದರು. ಮೊದಲು ಬಾಳೆಗೊನೆಗಳನ್ನು ಸ್ಟೇಶನ್ನಿನಲ್ಲಿ ಇಳಿಸಿ, ಆಮೇಲೆ ಬೀಗರ ಮನೆಗೆ ಬರುವ ವಿಚಾರ ಅವರದು.

"ಸಾವ್ಕಾರ್ರ, ರೈಲು ತಪ್ಪತೈತ್ರಿ," ಅಂದ ಚಾಂದಪಾಶಾ.

"ನಾನs ಇಳದು ಹೇಳಿ ಬರ್ತೀನಿ," ಎಂದು ನಾನು ಎದ್ದೆ.

"ನಿಮ್ಮ ಕಾಲಿಗಿ ಬೀಳ್ತೀನಿ, ಸುಮ್ಮ ಕುಂಡ್ರಿ. ಹೆಣ್ಣು ಕೊಟ್ಟಾಂವ ನಾನು. ಬೀಗರಿಗಿ ದಾರಿ ಬಿಡ್ರಿ ಅಂದ್ರ ನಾಳಿ ನನ್ನ ಮಗಳು ಚುಚ್ಚುಮಾತು ಕೇಳಬೇಕಾಗ್ತದ."

ಸುಮ್ಮನೆ ಕೂತೆ. ಹಲ್ಲು ಕಚ್ಚಿಕೊಂಡು ಕೂತೆ. ಎತ್ತುಗಳು ಅತ್ತೆಮನೆಗೆ ಬಂದ ಅಳಿಯನ ಗತ್ತಿನಲ್ಲಿ ಹೆಜ್ಜೆ ಇಡುತ್ತಿದ್ದವು. ಗಾಡಿಯವರಿಗೆ ಹಿಂದೆ ಏನಿದೆ ಎಂಬ ಗೊಡವೆಯೇ ಇರಲಿಲ್ಲ. ಸಾಹೇಬರು ಗಡಿಯಾರ ತೆಗೆದು ನೋಡಿದರು, ಮತ್ತೆ ನೋಡಿದರು.

"ಯೆ ಟ್ರಾಮ್ ಹೈ ಯಾ ಬೈಲಗಾಡಿ?" ಇದು ಟ್ರಾಮೋ ಎತ್ತಿನ ಗಾಡಿಯೋ ಎಂದು ಕೇಳಿದರು.

ಸಾವಕಾರರು ಬೆವರು ಒರೆಸಿಕೊಂಡರು. ನಾವು ಸ್ಟೇಶನ್ ಮುಟ್ಟುವ ಹೊತ್ತಿಗೆ ರೈಲಿನ ಕೊನೆಯ ಡಬ್ಬಿ ಹೊರಬೀಳುತ್ತಿತ್ತು. "ಕಂಬಿ ಕಿತ್ತು ಹಾಕಿ" ಎಂದು ಉರ್ದುವಿನಲ್ಲಿ ಹೇಳಿ ಸಾಹೇಬರು ಇಳಿದು ಹೋದರು.

ಅಷ್ಟರಲ್ಲಿ ಮರೆಪ್ಪನವರು ನಗುನಗುತ್ತ ಬಂದರು. "ಎಂಥಾ ಪಸಂದ್ ರಸ್ತಾ ಮಾಡ್ಸೀರ್ರಿ ಬೀಗರ! ಎತ್ತಿಗಿ ದಣಿವs ಇಲ್ಲ ನೋಡ್ರಿ."

ಸಾವಕಾರರು ಕೈ ಮುಗಿದು ಹಲ್ಲು ಬಿಟ್ಟರು. ನನಗೆ ತಡೆಯಲಾಗಲಿಲ್ಲ. ಆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಮರೆಪ್ಪನವರ ಮುಖ ಇಳಿಯಿತು. ಬೀಗರ ಕಡೆ ತಿರುಗಿದರು.

"ಬದಿಗಿ ಸರೀರಿ ಅಂತ ಒಂದು ಮಾತು ಅಂದಿದ್ರ ಗಾಡೀನ ಗಟಾರದಾಗ ಇಳಸ್ತಿದ್ದೆ. ಅಷ್ಟು ಸಣ್ಣ ಮನಸ್ಯಾ ಅಂತ ತಿಳಕೊಂಡ್ರೇನ್ರಿ ನನ್ನ? ಇಂಥಾ ಮನಿಗಿ ಮಗಳನ್ನ ಕೊಟ್ಟೀನಂತ ದಿನಾ ಅಂಜಕೋತ ಇದ್ರೇನು?"

"ಹಂಗಲ್ರಿ ಬೀಗರ..." ಎಂದು ಸಾವಕಾರರು ಅವರ ಕೈ ಹಿಡಿಯಲು ಹೋದರು.

ಮರೆಪ್ಪನವರು ಕೈ ಬಿಡಿಸಿಕೊಂಡರು. ಮನೆಗೆ ಬಂದು ನೀರಾದರೂ ಕುಡಿಯಿರಿ ಎಂದರೂ ಕೇಳದೆ ತಿರುಗಿ ನಡೆದರು. ಗಾಡಿಯಿಂದ ಇಳಿದಿದ್ದ ಶಂಕ್ರಮ್ಮ, ಅಪ್ಪನ ಕಡೆ ಬರಬೇಕೋ ಮಾವನ ಹಿಂದೆ ಹೋಗಬೇಕೋ ತಿಳಿಯದೆ, ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಅಲ್ಲಿಯೇ ನಿಂತಳು.