ಒಂದೇ ಸ್ವಿಚ್ಚು

ಬಸವಲಿಂಗಮ್ಮ ಮತ್ತೆ ಕಡ್ಡಿ ಗೀರಿ, ತೀರಿಹೋದ ಗಂಡನ ಪಕ್ಕದ ದೀಪ ಹಚ್ಚಿದಳು. ಸೆರಗು ಅಡ್ಡ ಹಿಡಿದರೂ ಆರಿತು. ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಸಮಾಧಿಗೆ ಒಯ್ಯುವವರೆಗೆ ದೀಪ ಆರಬಾರದು ಎಂದು ಹೇಳಿದ ಹಿರಿಯರು ಹೊರಗೆ ಹೋಗಿ ಕುರ್ಚಿಯಲ್ಲಿ ಕೂತಿದ್ದರು. ಹೇಳೋರಿಗೇನು, ಹೇಳಿಬಿಡುತ್ತಾರೆ.

"ಫ್ಯಾನ್ ಆಫ್ ಮಾಡ್ಬಾರ್ದಾ ಅತ್ತಿಗೆ?" ಗುಬ್ಬಿಯಿಂದ ಬಂದಿದ್ದ ಮೈದುನ ಮಲ್ಲಿಕಾರ್ಜುನ್ ತಾನೇ ಎದ್ದು ಸ್ವಿಚ್ ಒತ್ತಿದ. ಫ್ಯಾನಿನ ಜೊತೆ ಲೈಟೂ ಹೋಯಿತು. ಮುಂದೆ ಶಾಮಿಯಾನ ಕಟ್ಟಿದ್ದರಿಂದ ನಡುಮನೆ ಹಗಲಲ್ಲೇ ಕತ್ತಲಾಯಿತು. ಹಾರ ಹಿಡಿದು ಬಂದವರೊಬ್ಬರು ಯಾರದೋ ಕಾಲು ತುಳಿದರು.

"ಎರಡಕ್ಕೂ ಅದೊಂದೇ ಕಣಪ್ಪ. ನಿಮ್ಮಣ್ಣನ ಕೈಕೆಲಸ."

"ಪಕ್ಕದಲ್ಲಿ ಇನ್ನೊಂದು ಸ್ವಿಚ್ ಅದೆಯಲ್ಲ?"

"ಅದು ಬರೀ ನೋಡೋಕೆ."

ಅವಳಿಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ತೀರಿಹೋದ ಮಹಾಲಿಂಗಯ್ಯನವರು ಮಾತ್ರ ಹಣೆತುಂಬ ವಿಭೂತಿ ಬಳಿಸಿಕೊಂಡು, ತಮಗೂ ಇದಕ್ಕೂ ಸಂಬಂಧವೇ ಇಲ್ಲದವರಂತೆ, ಕೂರಿಸಿದಲ್ಲೇ ಗೋಡೆಗೊರಗಿ ಕೂತಿದ್ದರು.

*

ಕ್ಯಾತ್ಸಂದ್ರದ ಈ ಮನೆ ಕಟ್ಟಿಸಿದಾಗ ನಡುಮನೆಯ ವೈರಿಂಗ್ ಮಾಡಿದ್ದು ಅವರೇ. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು, ವೈರು ಎಣಿಸಿ ಕೊಟ್ಟು ಕೊಟ್ಟು ತಮಗೆ ವೈರಿಂಗೂ ಬಂದುಬಿಟ್ಟಿದೆ ಎಂದುಕೊಂಡಿದ್ದರು. ಸ್ವಿಚ್ ಒತ್ತಿದರೆ ಎರಡೂ ಒಟ್ಟಿಗೇ ಶುರುವಾದವು.

"ಕರೆಂಟ್ ಬಂತಲ್ಲ, ಬುಡು. ಭಾನುವಾರ ಬೇರೆ ಮಾಡ್ತೀನಿ."

ಆ ಭಾನುವಾರ ಬರಲೇ ಇಲ್ಲ. ಅವರಿಗೆ ಫ್ಯಾನಿಲ್ಲದೆ ನಿದ್ದೆ ಹತ್ತದು. ಅವಳಿಗೆ ಸೀರೆಗಳಿಗೆ ಫಾಲ್ಸ್ ಹಾಕಲು ಲೈಟು ಬೇಕು. ಅವರು ಕಣ್ಣಿಗೆ ಟವೆಲ್ ಕಟ್ಟಿಕೊಂಡು ಮಲಗುತ್ತಿದ್ದರು. ಅವಳು ತಲೆಗೆ ಮಫ್ಲರ್ ಸುತ್ತಿ, ಹಾರುವ ಸೀರೆಯನ್ನು ಮಂಡಿಯಡಿ ಒತ್ತಿಕೊಂಡು, ಗಂಡನನ್ನು ಬೈದುಕೊಂಡೇ ಹೊಲಿಯುತ್ತಿದ್ದಳು.

"ಎದುರುಮನೆ ಗೋವಿಂದರಾಜುನ ಕರೀರಿ, ಮಾಡ್ಕೊಡ್ತಾನೆ."

"ಇಷ್ಟಕ್ಕೆಲ್ಲ ಎಲೆಕ್ಟ್ರಿಷಿಯನ್ ಯಾಕೇ? ನಾನೇನು ಸತ್ತೋಗಿದೀನಾ?"

*

ಇವತ್ತು ಗೋವಿಂದರಾಜುವನ್ನು ಅವಳೇ ಕರೆಸಿದಳು. ಮಗಳು ಸಿಂಚನಾ ಕುಣಿಗಲ್ಲಿಂದ ಹೊರಟಿದ್ದಳು. ಅವಳು ಬರುವಷ್ಟರಲ್ಲಿ ದೀಪವೂ ಉರಿಯುತ್ತಿರಬೇಕು, ಅಪ್ಪನ ಮುಖವೂ ಕಾಣಬೇಕು.

"ಮನೇಲಿ ಸಾವಾಗಿರೋವಾಗ ರಿಪೇರಿ ಮಾಡಿಸ್ತಾರೇನಮ್ಮ?" ಪಕ್ಕದ ಮನೆಯ ಕದರಮ್ಮ ಮೂಗು ಮುರಿದಳು.

"ಅವ್ರು ಇದ್ದಾಗ ಬುಡಲಿಲ್ಲವಲ್ಲ. ನೀನು ಮಾಡಪ್ಪ."

ಗೋವಿಂದರಾಜು ಮೇನ್ ಆಫ್ ಮಾಡಿ, ಮೊಬೈಲ್ ಬೆಳಕಲ್ಲಿ ಬೋರ್ಡ್ ಬಿಚ್ಚಿದ. ಅವನಿಗೆ ಕೊಟ್ಟ ಕಾಫಿ ಇನ್ನೂ ಬಿಸಿಯಾಗಿತ್ತು, ಆಗಲೇ ಸ್ಕ್ರೂ ಬಿಗಿದು ಮೇನ್ ಹಾಕಿದ.

"ಅಷ್ಟೇ ಅಮ್ಮ. ಲೈಟಿನ ವೈರು ತೆಗ್ದು ಆ ಸ್ವಿಚ್ಚಿಗೆ ಹಾಕ್ದೆ."

"ಅಷ್ಟೇನಾ?"

ಇಷ್ಟಕ್ಕಾ ಇಷ್ಟು ವರ್ಷ ಕಿತ್ತಾಡಿದ್ದು?

ಸ್ವಿಚ್ ಒತ್ತಿದಳು. ಲೈಟು ಮಾತ್ರ ಹತ್ತಿತು. ಮಲ್ಲಿಕಾರ್ಜುನ್ ದೀಪ ಹಚ್ಚಿದ. ಕುಡಿ ನೆಟ್ಟಗೆ ನಿಂತಿತು. ಕದರಮ್ಮನೂ ತಲೆದೂಗಿದಳು.

ಬಸವಲಿಂಗಮ್ಮ ಗಂಡನ ಎದುರು ಕೂತು ಮುಖ ನೋಡಿದಳು. ಬೆಳಗಿನಿಂದ ಫ್ಯಾನಿನ ಗಾಳಿಗೆ ಅವರ ಎದೆಯ ಮೇಲಿನ ಶಾಲು ಅಲುಗುತ್ತಲೇ ಇತ್ತು. ಈಗ ಅಲುಗಲಿಲ್ಲ. ಅವಳು ಸ್ವಲ್ಪ ಹೊತ್ತು ಕಾದಳು. ಮತ್ತೂ ಅಲುಗಲಿಲ್ಲ.

ಗೋಡೆ ಹಿಡಿದು ಎದ್ದಳು.

"ಅತ್ತಿಗೆ, ದೀಪ..." ಎಂದ ಮಲ್ಲಿಕಾರ್ಜುನ್.

"ಆರಲಿ" ಎಂದು ಫ್ಯಾನಿನ ಸ್ವಿಚ್ ಒತ್ತಿದಳು. ದೀಪ ಬಾಗಿ, ಆರಿತು. ಶಾಲಿನ ಅಂಚು ಮೆಲ್ಲಗೆ ಎದ್ದು ಇಳಿಯತೊಡಗಿತು.